ಕ್ಯಾಮೆರಾ ಇಲ್ಲದೆ ಫೋಟೋ ಪುಸ್ತಕ ಮಾಡಿದ ಆನಾ ಆಟ್ಕಿನ್ಸ್

ಯಾವುದೇ ಯೋಜನೆಯ ಬಗ್ಗೆ ಮಾತನಾಡುವಾಗ ನಾವು 'ನೀಲನಕ್ಷೆ' ಎಂಬ ಪದ ಬಳಸುತ್ತೇವೆ. ನಕ್ಷೆಗೂ ನೀಲಿಗೂ ಏನು ಸಂಬಂಧ? ಜೆರಾಕ್ಸ್ ಯಂತ್ರಗಳು ಬರುವ ಮೊದಲು ಕಟ್ಟಡಗಳ ನಕ್ಷೆಯನ್ನು ಪ್ರತಿ ಮಾಡಲು ಒಂದು ಸುಲಭ ವಿಧಾನ ಬಳಕೆಯಲ್ಲಿತ್ತು. ಅದರಲ್ಲಿ ಕಾಗದವೆಲ್ಲ ನೀಲಿಯಾಗಿ, ಗೆರೆಗಳು ಮಾತ್ರ ಬಿಳಿಯಾಗಿ ಉಳಿಯುತ್ತಿದ್ದವು. ಆ ವಿಧಾನದ ಹೆಸರು ಸಯನೋಟೈಪ್. ನಕ್ಷೆ ಮಾಡುವವರ ಕೈಗೆ ಸಿಗುವ ಎಷ್ಟೋ ಮೊದಲೇ ಅದರಿಂದ ಒಂದು ಪುಸ್ತಕವನ್ನೇ ರೂಪಿಸಿದವರು ಇಂಗ್ಲೆಂಡಿನ ಆನಾ ಆಟ್ಕಿನ್ಸ್.

ಆನಾ ಹುಟ್ಟಿದ್ದು 1799ರಲ್ಲಿ, ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್‌ನಲ್ಲಿ. ಅವರು ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ವಿಜ್ಞಾನಿ, ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದವರು. ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಯುವ ಅವಕಾಶ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಮಗಳನ್ನು ತಮ್ಮ ಕೆಲಸದಲ್ಲಿ ಜೊತೆ ಸೇರಿಸಿಕೊಂಡರು. ಲಾಮಾರ್ಕ್‌ನ ಚಿಪ್ಪುಗಳ ಕುರಿತ ಬರಹವನ್ನು ತಂದೆ ಇಂಗ್ಲಿಷಿಗೆ ತಂದಾಗ, ಅದಕ್ಕಾಗಿ 200ಕ್ಕೂ ಹೆಚ್ಚು ಚಿತ್ರ ಬರೆದದ್ದು ಆನಾ. 1825ರಲ್ಲಿ ಜಾನ್ ಪೆಲ್ಲಿ ಆಟ್ಕಿನ್ಸ್ ಅವರನ್ನು ಮದುವೆಯಾದ ಮೇಲೂ ಗಿಡಗಳನ್ನು ಸಂಗ್ರಹಿಸುವ ಅಭ್ಯಾಸ ಮುಂದುವರಿಯಿತು.

1842ರಲ್ಲಿ ಅವರ ಕುಟುಂಬದ ಸ್ನೇಹಿತರಾಗಿದ್ದ ಖ್ಯಾತ ವಿಜ್ಞಾನಿ ಜಾನ್ ಹರ್ಷೆಲ್ ಸಯನೋಟೈಪ್ ವಿಧಾನವನ್ನು ಪ್ರಕಟಿಸಿದರು. ಅದೇ ಹೊತ್ತಿಗೆ ಆನಾಗೆ ಒಂದು ಸಮಸ್ಯೆ ಎದುರಾಗಿತ್ತು. ಕಡಲ ಪಾಚಿಗಳ ಎಳೆಗಳು ಎಷ್ಟು ನವಿರೆಂದರೆ, ಅವುಗಳ ಚಿತ್ರವನ್ನು ಕೈಯಿಂದ ನಿಖರವಾಗಿ ಬಿಡಿಸುವುದು ಬಹಳ ಕಷ್ಟ. ಹಿಂದಿನ ವರ್ಷವಷ್ಟೇ ವಿಲಿಯಂ ಹಾರ್ವೆ ಬ್ರಿಟನ್ನಿನ ಪಾಚಿಗಳ ಕೈಪಿಡಿಯೊಂದನ್ನು ತಂದಿದ್ದರು, ಆದರೆ ಅದರಲ್ಲಿ ಚಿತ್ರಗಳಿರಲಿಲ್ಲ. ಪಾಚಿಯೇ ತನ್ನ ಚಿತ್ರವನ್ನು ತಾನು ಬರೆದುಕೊಂಡರೆ ಹೇಗೆ?

ಆನಾ ಮಾಡಿದ್ದು ಅದನ್ನೇ. ಒಣಗಿಸಿದ ಪಾಚಿಯನ್ನು ರಾಸಾಯನಿಕ ಲೇಪಿಸಿದ ಕಾಗದದ ಮೇಲಿಟ್ಟು, ಗಾಜು ಮುಚ್ಚಿ, ಬಿಸಿಲಿಗೆ ಒಡ್ಡಿ, ನಂತರ ನೀರಿನಲ್ಲಿ ತೊಳೆದರು. ನೀಲಿ ಹಿನ್ನೆಲೆಯಲ್ಲಿ ಪಾಚಿಯ ಬಿಳಿ ಆಕಾರ ಮೂಡಿತು. 1843ರ ಅಕ್ಟೋಬರ್‌ನಲ್ಲಿ ಅವರ ಪುಸ್ತಕದ ಮೊದಲ ಭಾಗ ಹೊರಬಂತು. ಫೋಟೋಗಳಿದ್ದ ಮೊದಲ ಪುಸ್ತಕ ಫಾಕ್ಸ್ ಟಾಲ್ಬಟ್‌ರದ್ದು ಎಂದು ಹಲವೆಡೆ ಓದುತ್ತೇವೆ. ಆದರೆ ಅದು ಬರತೊಡಗಿದ್ದು 1844ರಲ್ಲಿ!

ಈ ಕೆಲಸ ಮುಗಿಯಲು 10 ವರ್ಷ ಹಿಡಿಯಿತು. ಸುಮಾರು 400 ಪುಟಗಳ ಒಂದೊಂದು ಪ್ರತಿಯನ್ನೂ ಹೀಗೆಯೇ ಬಿಸಿಲಿನಲ್ಲಿ ಮುದ್ರಿಸಬೇಕಿತ್ತು. ಬರಹಕ್ಕೂ ಅಚ್ಚಿನ ಮೊಳೆಗಳಿಲ್ಲ, ಅದು ಆನಾರ ಕೈಬರಹದ್ದೇ ನೀಲಿ ಪ್ರತಿ. ಪ್ರತಿಗಳು ಸ್ನೇಹಿತರಿಗೆ, ಸಂಸ್ಥೆಗಳಿಗೆ ತಲುಪಿದವು. 1852ರಲ್ಲಿ ತಂದೆ ತೀರಿಕೊಂಡರು. ಬಾಲ್ಯದ ಗೆಳತಿ ಆನ್ ಡಿಕ್ಸನ್ ಜೊತೆಗೂಡಿ ಆಮೇಲೆ ಅವರು ಜರೀಗಿಡಗಳ ಚಿತ್ರಗಳನ್ನೂ ಮಾಡಿದರು. ಆನಾ ನಿಧನರಾದದ್ದು 1871ರಲ್ಲಿ.

ಆದರೆ ಪುಸ್ತಕದ ಮುನ್ನುಡಿಯ ಕೆಳಗೆ ಅವರು ಹಾಕಿದ್ದು 'ಎ. ಎ.' ಎಂಬ ಎರಡೇ ಅಕ್ಷರ. ಕೆಲವೇ ವರ್ಷಗಳಲ್ಲಿ ಆ ಅಕ್ಷರಗಳ ಹಿಂದಿನ ವ್ಯಕ್ತಿ ಮರೆತೇಹೋದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಅದನ್ನು 'ಅನಾಮಿಕ ಹವ್ಯಾಸಿ' ಎಂಬುದರ ಸಂಕ್ಷಿಪ್ತ ರೂಪವೆಂದು ಭಾವಿಸಿದವರೂ ಇದ್ದರು. ಛಾಯಾಗ್ರಹಣದ ಇತಿಹಾಸದಲ್ಲಿ ಆನಾಗೆ ಸರಿಯಾದ ಜಾಗ ಸಿಕ್ಕಿದ್ದು 20ನೇ ಶತಮಾನದ ಕೊನೆಯ ದಶಕಗಳಲ್ಲಿ, ಲ್ಯಾರಿ ಶಾಫ್ ಅವರಂತಹ ಇತಿಹಾಸಕಾರರ ಶ್ರಮದಿಂದ. ಜಗತ್ತಿನ ಮೊದಲ ಮಹಿಳಾ ಛಾಯಾಗ್ರಾಹಕಿ ಎಂದೂ ಅವರನ್ನು ಕರೆಯುವುದುಂಟು. ಆದರೆ ಟಾಲ್ಬಟ್‌ರ ಪತ್ನಿ ಕಾನ್ಸ್ಟನ್ಸ್ ಕೂಡ ಅದೇ ಕಾಲದಲ್ಲಿ ಫೋಟೋ ಪ್ರಯೋಗ ಮಾಡಿದ್ದರಿಂದ ಆ ಬಿರುದಿನ ಬಗ್ಗೆ ಒಮ್ಮತವಿಲ್ಲ.

ನಾವೂ ಮಾಡಬಹುದೇ?

ಖಂಡಿತ. ಬೇಕಾದ ರಾಸಾಯನಿಕಗಳು ಎರಡೇ. 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು 10 ಗ್ರಾಂ ಪೊಟ್ಯಾಶಿಯಂ ಫೆರಿಸಯನೈಡ್. ಎರಡನ್ನೂ ತಲಾ 100 ಮಿಲಿಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಬಳಸುವಾಗ ಸಮಪ್ರಮಾಣದಲ್ಲಿ ಬೆರೆಸಬೇಕು. ಮಂದ ಬೆಳಕಿನಲ್ಲಿ ಕಾಗದಕ್ಕೆ ಹಚ್ಚಿ ಒಣಗಿಸಿದರೆ ಸಾಕು. ಎಲೆಯ ಬದಲು ಫಿಲ್ಮ್ ನೆಗೆಟಿವ್ ಇಟ್ಟರೆ ಅದೇ ಅಳತೆಯ ಫೋಟೋ ಸಿಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಕಾಗದದಲ್ಲಿರುವ ಕಬ್ಬಿಣದ ರೂಪವನ್ನು ಬದಲಿಸುತ್ತವೆ. ಬದಲಾದ ಕಬ್ಬಿಣ ಫೆರಿಸಯನೈಡ್ ಜೊತೆ ವರ್ತಿಸಿ, ನೀರಿನಲ್ಲಿ ಕರಗದ 'ಪ್ರಷ್ಯನ್ ಬ್ಲೂ' ಬಣ್ಣ ಉಂಟಾಗುತ್ತದೆ. ನೆರಳಿದ್ದ ಜಾಗದ ರಾಸಾಯನಿಕ ನೀರಿನೊಡನೆ ತೊಳೆದುಹೋಗುತ್ತದೆ.

'ಸಯನೈಡ್' ಎಂದೊಡನೆ ಹೆದರುವುದು ಸಹಜ. ಆದರೆ ಇದರಲ್ಲಿರುವ ಸಯನೈಡ್ ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ವಿಷತ್ವ ಬಹಳ ಕಡಿಮೆ. ಹಾಗೆಂದು ನಿರ್ಲಕ್ಷ್ಯ ಸಲ್ಲದು: ಇದನ್ನು ಪ್ರಬಲ ಆಮ್ಲದೊಡನೆ ಬೆರೆಸಿದರೆ ಅಥವಾ ಅತಿಯಾಗಿ ಕಾಯಿಸಿದರೆ ವಿಷಾನಿಲ ಹೊರಬರಬಹುದು. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರ ಸುಳಿಯಬಾರದು. ಕೈಗವಸು ತೊಡಬೇಕು, ಅಡುಗೆ ಪಾತ್ರೆ ಬಳಸಬಾರದು, ಮಕ್ಕಳು ಮಾಡುವಾಗ ದೊಡ್ಡವರು ಜೊತೆಗಿರಬೇಕು.

ಮುದ್ರಿಸಿದ ಚಿತ್ರವನ್ನು ಸೋಪಿನಿಂದ ತೊಳೆದರೆ ಬಣ್ಣ ಹೋಗುತ್ತದೆ. ಬೆಳಕಿನಿಂದ ಮಾಸಿದ್ದರೆ ಮಾತ್ರ ಚಿಂತೆಯಿಲ್ಲ, ಕೆಲಕಾಲ ಕತ್ತಲಲ್ಲಿಟ್ಟರೆ ನೀಲಿ ಬಹುಮಟ್ಟಿಗೆ ಮರಳುತ್ತದೆ. ಹಾಂ, ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರನ್ನು ಪೂರ್ತಿಯಾಗಿ ಬರೆಯಲು ಮರೆಯಬೇಡಿ!