ಬಳ್ಳಾರಿಯಲ್ಲಿ ಹುಟ್ಟಿ ಗುಜರಾತಿಗೆ ವ್ಯಾಕರಣ ಬರೆದ ಜೋಸೆಫ್ ಟೇಲರ್

ಉದ್ಯೋಗ ನಿಮಿತ್ತ ಅಹಮದಾಬಾದ್, ವಡೋದರಾ, ಸೂರತ್ ನಗರಗಳಿಗೆ ಬಂದು ನೆಲೆಸಿರುವ ಕನ್ನಡಿಗರಾದ ನಾವು, ಈ ನಾಡಿಗೂ ನಮ್ಮ ನಾಡಿಗೂ ಇರುವ ಹಳೆಯ ನಂಟನ್ನು ನೆನೆಯುವಾಗ ಸಾಮಾನ್ಯವಾಗಿ ವ್ಯಾಪಾರವನ್ನೋ ತೀರ್ಥಯಾತ್ರೆಯನ್ನೋ ಹೆಸರಿಸುತ್ತೇವೆ. ಗುಜರಾತಿ ವ್ಯಾಕರಣದ ಪಿತನೆಂದು ಇಲ್ಲಿನವರು ಗೌರವದಿಂದ ಕಾಣುವ ಜೋಸೆಫ್ ವಾನ್ ಸೋಮರನ್ ಟೇಲರ್ ಅವರ ಜನ್ಮಸ್ಥಳ ನಮ್ಮ ಬಳ್ಳಾರಿ ಎಂಬ ಸಂಗತಿ ಆ ಪಟ್ಟಿಯಲ್ಲಿ ಸೇರುವುದೇ ಇಲ್ಲ. ಕೆಲಸವೇ ಆರಾಧನೆ ಎಂಬ ಮಾತನ್ನು ಬಾಯಲ್ಲಿ ಹೇಳದೆ ಬಾಳಿನಲ್ಲಿ ನಡೆಸಿದವರೆಂದು ನಾವು ಅವರನ್ನು ಇಲ್ಲಿ ಸ್ಮರಿಸುತ್ತಿದ್ದೇವೆ.

ಟೇಲರ್ ಜನಿಸಿದ್ದು 1820ರ ಜುಲೈ 3ರಂದು. ಅವರ ತಂದೆಯ ಹೆಸರೂ ಜೋಸೆಫ್ ಟೇಲರ್ ಎಂದೇ. ಅವರು ಲಂಡನ್ ಮಿಷನ್ ಸಂಸ್ಥೆಯ ಸೇವೆಯಲ್ಲಿದ್ದರು. ಅದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ ಅವರು ಬಳ್ಳಾರಿಯಲ್ಲಿ ಬೈಬಲನ್ನು ಕನ್ನಡಕ್ಕೆ ತರುವ ದೀರ್ಘ ಪರಿಶ್ರಮದಲ್ಲಿ ತೊಡಗಿದ್ದ ಕಾಲವದು. ಮಗ ಹುಟ್ಟಿದ ವರ್ಷವೇ ತಂದೆಯವರು ಬೆಳಗಾವಿಯಲ್ಲಿ ಹೊಸ ಕೇಂದ್ರವನ್ನು ಆರಂಭಿಸಿದರು. ಆದ್ದರಿಂದ ಆ ಬಾಲಕನ ಕಿವಿಗೆ ಬಿದ್ದ ಮೊದಲ ಭಾಷೆಗಳಲ್ಲಿ ಕನ್ನಡವೂ ಒಂದಾಗಿದ್ದಿರಬೇಕೆಂದು ನಾವು ಊಹಿಸಬಹುದು. ಮುಂದೆ ಅವರು ವಿದೇಶದಲ್ಲಿ ವಿದ್ಯಾಭ್ಯಾಸ ಮುಗಿಸಿ, 1840ರ ದಶಕದಲ್ಲಿ ಹುಟ್ಟಿದ ದೇಶಕ್ಕೆ ಮರಳಿ, ಗಾಯಕವಾಡರ ವಡೋದರೆಯನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು.

ಅವರು ಬರುವುದಕ್ಕೆ ಮೊದಲೇ ಸೂರತ್ತಿನಲ್ಲಿ ಜೇಮ್ಸ್ ಸ್ಕಿನ್ನರ್ ಮತ್ತು ವಿಲಿಯಂ ಫೈವಿ ಎಂಬ ಇಬ್ಬರು ಬೈಬಲಿನ ಗುಜರಾತಿ ಅನುವಾದವನ್ನು ಸಿದ್ಧಪಡಿಸಿ, 1820ರ ದಶಕದಲ್ಲಿ ಅಲ್ಲಿನ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ್ದರು. ಪ್ರಥಮ ಪ್ರಯತ್ನವಾದ ಅದಕ್ಕೆ ತಿದ್ದುಪಡಿ ಅಗತ್ಯವಾಗಿತ್ತು. ಆ ಪರಿಷ್ಕರಣೆಯಲ್ಲಿ ಟೇಲರ್ ಕೈಜೋಡಿಸಿದರು. ಒಂದು ಕಡೆ ಮಹೀ ನದಿಯ ಆಸುಪಾಸಿನ ಹಳ್ಳಿಗಳು ಮತ್ತು ಬೋರಸದದ ಸುತ್ತಾಟ, ಇನ್ನೊಂದು ಕಡೆ ಮೇಜಿನ ಮುಂದೆ ಪದಪದವನ್ನು ತೂಗಿನೋಡುವ ಕಾರ್ಯ - ಇವೆರಡರ ನಡುವೆ ಅವರ ಯೌವನ ಸವೆಯಿತು.

ಈ ದುಡಿಮೆಯ ಫಲವೇ 1867ರಲ್ಲಿ ಪ್ರಕಟವಾದ ಅವರ ಗುಜರಾತಿ ಭಾಷೆಯ ವ್ಯಾಕರಣ. ಅವರು ಅದನ್ನು ಗುಜರಾತಿಗಳು ಓದುವಂತೆ ಗುಜರಾತಿಯಲ್ಲಿಯೇ ರಚಿಸಿದರು. ಗುಜರಾತಿಯು ಬಡ ಭಾಷೆ, ಗಹನ ವಿಚಾರಗಳಿಗೆ ಒಗ್ಗದು ಎಂಬ ತಾತ್ಸಾರವನ್ನು ಅವರು ಒಪ್ಪಲಿಲ್ಲ. ಭಾಷೆಯ ಸಿರಿತನವೂ ಬಡತನವೂ ಅದನ್ನಾಡುವವರ ವಿಚಾರವನ್ನು ಅವಲಂಬಿಸಿರುತ್ತವೆ ಎಂಬುದು ಅವರ ನಿಲುವು. 1870ರಲ್ಲಿ ವ್ರಜಲಾಲ್ ಶಾಸ್ತ್ರಿಗಳೊಡನೆ ಸೇರಿ ಧಾತುಸಂಗ್ರಹವನ್ನು ಹೊರತಂದರು. ಒಬ್ಬ ಪಾದ್ರಿ, ಒಬ್ಬ ಶಾಸ್ತ್ರಿ. ನಂಬಿಕೆಯಲ್ಲಿ ಇಬ್ಬರ ದಾರಿ ಬೇರೆಯಾದರೂ, ಒಂದು ಕ್ರಿಯಾಪದದ ಬೇರನ್ನು ಹುಡುಕುವಾಗ ಇಬ್ಬರ ಶ್ರದ್ಧೆಯೂ ಒಂದೇ ಆಗಿತ್ತು.

ಆ ಕೆಲಸ ಎಷ್ಟು ಸೂಕ್ಷ್ಮವಾದುದೆಂಬುದು ಇಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಅನುಭವದಿಂದಲೇ ತಿಳಿದಿದೆ. ಕನ್ನಡದಲ್ಲಿ ಹುಡುಗ ರೊಟ್ಟಿ ತಿಂದರೆ ಕ್ರಿಯಾಪದವು ಹುಡುಗನ ಲಿಂಗವನ್ನು ಅನುಸರಿಸುತ್ತದೆ. ಗುಜರಾತಿಯ ಭೂತಕಾಲದಲ್ಲಿ ಅದು ರೊಟ್ಟಿಯ ಲಿಂಗವನ್ನು ಅನುಸರಿಸುತ್ತದೆ. ಇಂತಹ ನಿಯಮಗಳನ್ನು ಒಂದೊಂದಾಗಿ ಗುರುತಿಸಿ, ಉದಾಹರಣೆ ಹುಡುಕಿ, ಕರಡು ತಿದ್ದುವುದರಲ್ಲಿ ಮೆಚ್ಚುಗೆಯ ಚಪ್ಪಾಳೆ ಇರುವುದಿಲ್ಲ. ಬ್ಯಾಂಕಿನಲ್ಲಿ ಲೆಡ್ಜರಿನ ಕಾಲದಿಂದ ದುಡಿದ ನಮ್ಮಂಥವರು ಇದನ್ನು ಚೆನ್ನಾಗಿ ಬಲ್ಲೆವು. ದಿನದ ಕೊನೆಗೆ ಲೆಕ್ಕ ತಾಳೆಯಾದರೆ ಯಾರೂ ಹೊಗಳುವುದಿಲ್ಲ. ಆದರೆ ಆ ತಾಳೆಯ ಮೇಲೆಯೇ ಮರುದಿನದ ವಿಶ್ವಾಸ ನಿಂತಿರುತ್ತದೆ.

ಕ್ರೈಸ್ತ ಶ್ರದ್ಧೆಯಲ್ಲಿ ಇಂತಹ ದುಡಿಮೆಗೆ ಆಳವಾದ ಅರ್ಥವಿದೆ. ಯೇಸು ಸ್ವಾಮಿ ಬೋಧನೆಗೆ ತೊಡಗುವ ಮೊದಲು ನಜರೇತಿನಲ್ಲಿ ಬಡಗಿಯಾಗಿದ್ದರು. ಆ ದೀರ್ಘ ಮೌನದ ವರ್ಷಗಳೂ ದೇವರಿಗೆ ಸಂದ ಸೇವೆಯೇ ಎಂದು ಭಕ್ತರು ಭಾವಿಸುತ್ತಾರೆ. ಶರಣರ ಕಾಯಕ ತತ್ತ್ವವನ್ನು ಬಲ್ಲ ನಮಗೆ ಇದು ಪರಕೀಯವೆನಿಸದು. ಎರಡರ ತಾತ್ತ್ವಿಕ ನೆಲೆ ಬೇರೆಯಾದರೂ, ಕೈಯ ಕೆಲಸವನ್ನೂ ಮನಸ್ಸಿನ ಪೂಜೆಯನ್ನೂ ಬೇರ್ಪಡಿಸದ ದೃಷ್ಟಿ ಎರಡರಲ್ಲಿಯೂ ಇದೆ.

ಕಾಯುವಿಕೆಯೂ ಟೇಲರ್ ಅವರ ಪಾಲಿಗೆ ಬಂತು. 1859ರಲ್ಲಿ ಲಂಡನ್ ಮಿಷನ್ ಗುಜರಾತಿನಿಂದ ಹಿಂದೆ ಸರಿದು, ತನ್ನ ಕಾರ್ಯವನ್ನು ಐರಿಷ್ ಪ್ರೆಸ್ಬಿಟೇರಿಯನ್ ಮಿಷನ್ನಿಗೆ ಒಪ್ಪಿಸಿತು. ತಂದೆಯ ಕಾಲದಿಂದ ಮನೆಯಂತಿದ್ದ ಸಂಸ್ಥೆ ಹೊರಟುನಿಂತಾಗ ಮಗನೂ ಜೊತೆಗೆ ಹೊರಡಬಹುದಿತ್ತು. ಅವರು ಹೊಸ ಸಂಸ್ಥೆಯನ್ನು ಸೇರಿ ಇಲ್ಲಿಯೇ ಉಳಿದರು. ಅಪೇಕ್ಷಿಸಿದ ಫಲವು ಬಹುಬೇಗ ಕಾಣದ ಸೀಮೆಯಲ್ಲಿ ಉಳಿಯುವುದೆಂದರೆ, ಬಿತ್ತಿದ ರೈತ ಮುಗಿಲು ನೋಡುತ್ತ ಇತರ ಕೆಲಸಗಳನ್ನು ಬಿಡದೆ ಮಾಡುವಂತೆ. ಮಿಷನರಿಗಳ ಮತಪ್ರಸಾರದ ಉದ್ದೇಶದ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯಗಳಿರುವುದು ಸಹಜ. ಆದರೆ ಆ ಕಾಯುವಿಕೆಯ ವರ್ಷಗಳಲ್ಲಿ ರೂಪುಗೊಂಡ ವ್ಯಾಕರಣವು ಎಲ್ಲ ಗುಜರಾತಿಗಳ ಸ್ವತ್ತಾಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ವಿಶ್ರಾಂತಿಯೂ ಆರಾಧನೆಯ ಅಂಗವೇ ಆಗಿದೆ. ಆರು ದಿನ ದುಡಿದು ಏಳನೆಯ ದಿನ ಬಿಡುವು ಪಡೆಯಬೇಕೆಂಬ ಬೈಬಲಿನ ಆಜ್ಞೆಯು ಯಜಮಾನನಿಗೆ ಮಾತ್ರವಲ್ಲ, ಆಳುಮಕ್ಕಳಿಗೂ ಎತ್ತುಗಳಿಗೂ ಅನ್ವಯಿಸುತ್ತದೆ. ರಜೆಯೆಂಬುದನ್ನೇ ಅರಿಯದ ಕೂಲಿಕಾರನಿಗೆ ಆ ಒಂದು ದಿನದ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆ ದಿನ ಜನರು ತಮ್ಮದೇ ನುಡಿಯಲ್ಲಿ, ತಮ್ಮದೇ ಲಯದಲ್ಲಿ ಹಾಡುವಂತಾಗಲೆಂದು ಟೇಲರ್ 1863ರಲ್ಲಿ ‘ಕಾವ್ಯಾರ್ಪಣ’ವೆಂಬ ಭಕ್ತಿಗೀತೆಗಳ ಪುಸ್ತಕವನ್ನು ಗುಜರಾತಿ ಛಂದಸ್ಸಿನಲ್ಲಿ ನೀಡಿದರು. ಇದಕ್ಕೆ ಒಂದು ವರ್ಷ ಮೊದಲು, 1862ರಲ್ಲಿ, ನಮ್ಮ ಮಂಗಳೂರಿನಲ್ಲಿ ಫರ್ಡಿನೆಂಡ್ ಕಿಟೆಲ್ ಅವರು ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿ ‘ಕಥಾಮಾಲೆ’ಯನ್ನು ಪ್ರಕಟಿಸಿದ್ದರು. ಎರಡು ನಾಡುಗಳಲ್ಲಿ ಇಬ್ಬರು ನಿಘಂಟು-ವ್ಯಾಕರಣಗಳ ಶ್ರಮಜೀವಿಗಳು ಬಹುತೇಕ ಏಕಕಾಲದಲ್ಲಿ ಒಂದೇ ಹಾದಿ ಹಿಡಿದದ್ದು ಗಮನಾರ್ಹ.

1881ರ ಜೂನ್ 2ರಂದು ಎಡಿನ್‌ಬರೋದಲ್ಲಿ ಟೇಲರ್ ನಿಧನರಾದರು. ಅವರ ಪುತ್ರ ಜಾರ್ಜ್ ಟೇಲರ್ ಅಹಮದಾಬಾದಿನಲ್ಲಿ ಸೇವೆ ಸಲ್ಲಿಸಿ, ತಂದೆಯಂತೆಯೇ ಗುಜರಾತಿ ವ್ಯಾಕರಣವೊಂದನ್ನು ಬರೆದುದಲ್ಲದೆ, ಅಹಮದಾಬಾದ್ ಮತ್ತು ಸೂರತ್ ಟಂಕಸಾಲೆಗಳ ನಾಣ್ಯಗಳನ್ನು ಕುರಿತು ಇಂದಿಗೂ ಉಲ್ಲೇಖಿಸಲ್ಪಡುವ ಪ್ರಬಂಧಗಳನ್ನು ರಚಿಸಿದರು. ಐರಿಷ್ ಮಿಷನ್ ಬೆಳೆಸಿದ ಸಭೆಗಳು 1970ರಿಂದ ಉತ್ತರ ಭಾರತ ಸಭೆಯ ಅಂಗವಾಗಿವೆ.

ಬಳ್ಳಾರಿಯಿಂದ ಬಂದ ಒಬ್ಬರು ತಾವು ನಿಂತ ನೆಲದ ನುಡಿಗೆ ಇಷ್ಟು ನೀಡಿದರು. ಹೊಟ್ಟೆಪಾಡಿಗೆಂದು ಬಂದ ನಾವು ಗುಜರಾತಿಯನ್ನು ತರಕಾರಿ ಮಾರುಕಟ್ಟೆಗೆ ಬೇಕಾದಷ್ಟೇ ಕಲಿತು ತೃಪ್ತರಾಗಬೇಕೆ, ಅಥವಾ ಅದರ ಸಾಹಿತ್ಯವನ್ನು ಓದಿ ಕನ್ನಡಕ್ಕೂ ಒಂದಿಷ್ಟು ತರಬಹುದೆ? ಮಕ್ಕಳು ಶಾಲೆಯಲ್ಲಿ ಗುಜರಾತಿ ವ್ಯಾಕರಣದ ಪಾಠ ಒಪ್ಪಿಸುವ ಸಂಜೆ, ಹಿರಿಯರು ಅವರ ಪಕ್ಕದಲ್ಲಿ ಕುಳಿತು ಒಂದು ಪುಟ ಕಲಿತರೂ ಸಾಕು. ಟೇಲರ್ ಅವರ ಸ್ಮರಣೆಗೆ ಅದಕ್ಕಿಂತ ಒಪ್ಪುವ ಕಾರ್ಯಕ್ರಮ ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ.