ಸರ್ ಎಂ.ವಿ. ಅವರ ಕೈತಪ್ಪಿದ ಕಾರು

ಸೇವೆಯ ಆರಂಭದ ವರ್ಷಗಳಲ್ಲಿ ನಾನು ಹುಣಸೂರು ಉಪವಿಭಾಗದಲ್ಲಿ ಕೆಲಸ ಮಾಡಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಆಗ ಅದರ ನಾಲ್ಕು ತಾಲ್ಲೂಕುಗಳು. ತಂಬಾಕಿನ ಹಂಗಾಮಿನಲ್ಲಿ ಎತ್ತಿನ ಗಾಡಿಗಳ ಸಾಲು ಕಂಡಾಗಲೆಲ್ಲ, ಹಳೆಯ ಗೆಜೆಟಿಯರಿನಲ್ಲಿ ಓದಿದ ಸಂಗತಿಯೊಂದು ನೆನಪಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಕೇಂದ್ರವಾಗಿತ್ತು. ಸೈನ್ಯದ ಅಗತ್ಯಕ್ಕಾಗಿ ಸರ್ಕಾರ ಅಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಅಂಗಳವನ್ನು ನಡೆಸುತ್ತಿತ್ತು. ಮುಂದೆ ಸರ್ಕಾರ ಅವನ್ನು ಮುಚ್ಚಿತು. ಕೆಲಸ ಕಲಿತವರು ಊರಲ್ಲೇ ಉಳಿದು, ಪಕ್ಕದ ಕಾಡಿನ ಮರದಿಂದ ಗಾಡಿ ಕಟ್ಟುವುದನ್ನೂ ಚರ್ಮದ ಸಾಮಾನು ಮಾಡುವುದನ್ನೂ ಮುಂದುವರಿಸಿದರು. ಕೌಶಲವೇನೋ ಉಳಿಯಿತು, ಆದರೆ ಅದು ದೊಡ್ಡ ಉದ್ಯಮವಾಗಿ ಬೆಳೆಯಲಿಲ್ಲ.

ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಬಹುಕಾಲ ಕಾಡಿದೆ. ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಬದುಕು ಸವೆಸಿದ ಒಬ್ಬ ವ್ಯಕ್ತಿಯನ್ನು ನಾವೆಲ್ಲ ಬಲ್ಲೆವು. ಪ್ರತಿವರ್ಷ ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಆದರೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ನೆನೆಯುವುದು ಕಟ್ಟಿದ ಅಣೆಕಟ್ಟೆಗಾಗಿ. ಕಟ್ಟಲಾಗದೆ ಹೋದ ಕಾರು ಕಾರ್ಖಾನೆಗಾಗಿ ಅಲ್ಲ.

ಮುದ್ದೇನಹಳ್ಳಿಯ ಬಡ ಕುಟುಂಬದ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ ಕಥೆ ಪಠ್ಯಪುಸ್ತಕಗಳಲ್ಲಿದೆ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ, ನೀರಿನ ಮಟ್ಟಕ್ಕೆ ತಕ್ಕಂತೆ ತಾವೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳು 1903ರಲ್ಲಿ ಅಳವಡಿಕೆಯಾದವು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. ಹುಣಸೂರನ್ನು ಹಾದು ಬರುವ ಲಕ್ಷ್ಮಣತೀರ್ಥವೂ ಕೂಡಿಕೊಳ್ಳುವ ಆ ಜಲಾಶಯದ ಹಿನ್ನೀರು ಇಂದಿಗೂ ಕೃಷ್ಣರಾಜನಗರದ ಗಡಿಯನ್ನು ಮುಟ್ಟುತ್ತದೆ.

ಅಣೆಕಟ್ಟೆ ಅವರಿಗೆ ಗುರಿಯಾಗಿರಲಿಲ್ಲ, ಅಡಿಪಾಯವಾಗಿತ್ತು. ದಿವಾನರಾಗಿದ್ದ 1912ರಿಂದ 1918ರ ನಡುವೆ ಆದ ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ತಿಳಿಯುತ್ತದೆ. ಸಾಲಕ್ಕೆ 1913ರಲ್ಲಿ ಮೈಸೂರು ಬ್ಯಾಂಕು. ವ್ಯಾಪಾರಿಗಳ ಸಂಘಟನೆಗೆ 1916ರಲ್ಲಿ ವಾಣಿಜ್ಯ ಮಂಡಳಿ. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿ ನಷ್ಟಕ್ಕೆ ಸಿಲುಕಿದಾಗ ಅದರ ಅಧ್ಯಕ್ಷತೆ ವಹಿಸಿ 1929ರವರೆಗೆ ನಡೆಸಿದರು. ಅಲ್ಲಿ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆಯೊಂದರ ಸ್ಥಾಪನೆಗೆ ಬಿಟ್ಟುಕೊಟ್ಟರು. ಅವರ ದೃಷ್ಟಿಗೆ ಮಿತಿಯೂ ಇತ್ತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ನೀಡುವ ನೀತಿಯನ್ನು ಅವರು ಒಪ್ಪಲಿಲ್ಲ. ದಿವಾನಗಿರಿ ಬಿಡುವುದಕ್ಕೆ ಆ ಭಿನ್ನಾಭಿಪ್ರಾಯ ಮುಖ್ಯ ಕಾರಣವಾಯಿತು. ಅರ್ಹತೆಯನ್ನು ಅಳೆಯುವಾಗ ಅವಕಾಶದ ಅಸಮಾನತೆಯನ್ನೂ ಅಳೆಯಬೇಕೆಂಬುದು ಅವರಿಗೆ ಮನವರಿಕೆಯಾಗಲಿಲ್ಲ.

ಅಧಿಕಾರ ಬಿಟ್ಟ ಮೇಲೆ 1919-20ರಲ್ಲಿ ಅವರು ಜಪಾನ್, ಅಮೆರಿಕ ಮತ್ತು ಯೂರೋಪ್ ಸುತ್ತಿದರು. ಅಮೆರಿಕದಲ್ಲಿ ಆಗ ಮೋಟಾರು ಯುಗ ಉಚ್ಛ್ರಾಯಕ್ಕೇರುತ್ತಿತ್ತು. ಅದರ ಒಂದು ವಿಚಿತ್ರ ರೂಪವೆಂದರೆ ಮರದ ಹಲಗೆಯ ಓಟದ ಹಾದಿಗಳು. ಸೈಕಲ್ ಓಟದ ಅಂಗಳಗಳನ್ನು ಕಟ್ಟಿ ಅನುಭವವಿದ್ದ ಜ್ಯಾಕ್ ಪ್ರಿನ್ಸ್ ಎಂಬಾತ 1910ರಲ್ಲಿ ಲಾಸ್ ಏಂಜಲೀಸ್ ಸಮೀಪ ಇಂಥ ಮೊದಲ ಹಾದಿಯನ್ನು ಕಾರುಗಳಿಗಾಗಿ ಕಟ್ಟಿದ. ಎರಡು ಇಂಚು ದಪ್ಪ, ನಾಲ್ಕು ಇಂಚು ಅಗಲದ ಮರದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಿ, ತಿರುವುಗಳನ್ನು ಬಟ್ಟಲಿನ ಅಂಚಿನಂತೆ ಕಡಿದಾಗಿ ಎತ್ತರಿಸುತ್ತಿದ್ದರು. 1920ರ ಫೆಬ್ರುವರಿಯಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಇಂಥದೇ ಒಂದೂಕಾಲು ಮೈಲಿಯ ಹಾದಿ ತೆರೆಯಿತು. ಆ ದಶಕದ ಕೊನೆಯ ಹೊತ್ತಿಗೆ ಹಲಗೆಗಳ ಮೇಲೆ ಕಾರುಗಳು ಗಂಟೆಗೆ 200 ಕಿ.ಮೀ. ಮೀರಿ ಓಡುತ್ತಿದ್ದವು.

ಈ ವೇಗ ಬರಿಯ ಮೋಜಾಗಿರಲಿಲ್ಲ. ಹ್ಯಾರಿ ಮಿಲ್ಲರ್ ಎಂಬ ತಂತ್ರಜ್ಞನ ಪುಟ್ಟ ಕಾರ್ಯಾಗಾರ ಕೇವಲ ಒಂದೂವರೆ ಲೀಟರಿನ, ಎಂಟು ಸಿಲಿಂಡರುಗಳ ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಜೋಡಿಸಿ ಅದರಿಂದ 150 ಅಶ್ವಶಕ್ತಿಗೂ ಮಿಗಿಲಾದ ಬಲ ತೆಗೆಯಿತು. ಮುಂದಿನ ಚಕ್ರಗಳಿಗೆ ಚಾಲನೆ ನೀಡುವ ಆತನ ವಿಧಾನ 1929ರಲ್ಲಿ ಮಾರಾಟಕ್ಕೆ ಬಂದ ಕಾರ್ಡ್ ಕಾರಿಗೆ ಆಧಾರವಾಯಿತು. ಆತನ ಪ್ರತಿಸ್ಪರ್ಧಿ ಡ್ಯೂಸನ್‌ಬರ್ಗ್ ಓಟದ ಕಾರಿನಲ್ಲಿ ಬಳಸಿದ ಹೈಡ್ರಾಲಿಕ್ ಬ್ರೇಕು ಸಾಮಾನ್ಯ ರಸ್ತೆಗೂ ಬಂದಿತು. ಆದರೆ ಮಳೆ ಬಿಸಿಲಿಗೆ ಒಡ್ಡಿದ ಹಲಗೆಗಳು ಕೆಲವೇ ವರ್ಷಗಳಲ್ಲಿ ಕೊಳೆಯುತ್ತಿದ್ದವು. ಆರ್ಥಿಕ ಮಹಾಕುಸಿತ ಬಂದಾಗ ಅವನ್ನು ಬದಲಿಸಲು ಹಣವಿರಲಿಲ್ಲ; 1930ರ ದಶಕದ ಆದಿಯಲ್ಲೇ ಆ ಓಟಗಳು ಮುಗಿದವು. ಮಿಲ್ಲರ್ 1933ರಲ್ಲಿ ದಿವಾಳಿಯಾಗಿ, 1943ರಲ್ಲಿ ಡೆಟ್ರಾಯಿಟ್‌ನಲ್ಲಿ ತೀರಿಕೊಂಡ. ಅಪ್ರತಿಮ ಪ್ರತಿಭೆಯೊಂದು ತನ್ನಷ್ಟಕ್ಕೆ ತಾನೇ ಉದ್ಯಮವಾಗಿ ನಿಲ್ಲಲಾರದು ಎಂಬುದಕ್ಕೆ ಆತನ ಬಾಳೇ ಸಾಕ್ಷಿ.

ವಿಶ್ವೇಶ್ವರಯ್ಯನವರು ಅರಿತಿದ್ದುದು ಇದನ್ನೇ. ಒಂದು ಒಳ್ಳೆಯ ಕಾರನ್ನು ಯಾರೋ ಒಬ್ಬ ಜಾಣ ಮಾಡಿಯಾನು. ಸಾವಿರಾರು ಕಾರುಗಳನ್ನು ಮಾಡಲು ಉಕ್ಕು, ವಿದ್ಯುತ್ತು, ತರಬೇತಾದ ಕೈಗಳು, ಬಿಡಿಭಾಗ ಒದಗಿಸುವ ನೂರು ಸಣ್ಣ ಕಾರ್ಯಾಗಾರಗಳು, ತಾಳ್ಮೆಯುಳ್ಳ ಬಂಡವಾಳ ಮತ್ತು ಸರ್ಕಾರದ ಭರವಸೆ ಬೇಕು. ಜನರಲ್ ಮೋಟಾರ್ಸ್ 1928ರಿಂದಲೇ ಮುಂಬಯಿಯಲ್ಲಿ ಕಾರು ಜೋಡಿಸುತ್ತಿತ್ತು. ಆದರೆ ಬಂದ ಪೆಟ್ಟಿಗೆ ಬಿಚ್ಚಿ ಭಾಗಗಳನ್ನು ಜೋಡಿಸುವುದು ಬೇರೆ, ಎಂಜಿನನ್ನು ಇಲ್ಲೇ ಎರಕ ಹೊಯ್ಯುವುದು ಬೇರೆ. ಅವರಿಗೆ ಬೇಕಿದ್ದುದು ಎರಡನೆಯದು.

ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಮೋಟಾರು ಉದ್ಯಮವನ್ನು ಅಭ್ಯಸಿಸಲೆಂದೇ ಅವರು ಮತ್ತೆ ಯೂರೋಪ್ ಮತ್ತು ಅಮೆರಿಕಕ್ಕೆ ಹೋದರು. ಮರಳಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮುಂಬಯಿಯಲ್ಲಿ ಬಿ.ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಸರ್ಕಾರ ಹೂಡಿಕೆದಾರರಿಗೆ ಬಡ್ಡಿಯ ಖಾತರಿ ನೀಡಲು ಒಪ್ಪಿತು. ಆದರೆ ಯುದ್ಧದ ಪ್ರಶ್ನೆಯ ಮೇಲೆ ಆ ಸರ್ಕಾರ 1939ರಲ್ಲಿ ರಾಜೀನಾಮೆ ನೀಡಿತು. ಖಾತರಿಯೂ ಅದರೊಂದಿಗೆ ಹೋಯಿತು.

ಆಗ ಅವರು ತಮ್ಮ ಮೈಸೂರಿನತ್ತ ತಿರುಗಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ತಾಂತ್ರಿಕ ನೆರವಿನ ಏರ್ಪಾಡಾಗಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಬೆಂಬಲಕ್ಕೆ ಮುಂದೆ ಬಂದಿತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಯುದ್ಧದ ಕಾರಣ ಮುಂದೊಡ್ಡಿ ಅಸಮ್ಮತಿ ಸೂಚಿಸಿತು. ದೇಶೀಯ ಸಂಸ್ಥಾನವೊಂದು ಆ ಅಸಮ್ಮತಿಯನ್ನು ಮೀರುವುದು ಸಾಧ್ಯವಿರಲಿಲ್ಲ. ಅದೇ ವಾಲ್‌ಚಂದ್ ಅದೇ ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದ್ದು ಗಮನಾರ್ಹ. ಯುದ್ಧಕ್ಕೆ ವಿಮಾನ ಬೇಕಿತ್ತು, ಆದ್ದರಿಂದ ಅದಕ್ಕೆ ದಾರಿ ಸಿಕ್ಕಿತು. ಭಾರತೀಯರ ಕಾರು ಸಾಮ್ರಾಜ್ಯಕ್ಕೆ ಬೇಕಿರಲಿಲ್ಲ. ಕಾರಿನ ಯೋಜನೆ ಕೊನೆಗೆ ಮುಂಬಯಿಗೆ ಮರಳಿ, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ರೂಪುಗೊಂಡಿತು. ಬೆಂಗಳೂರು ಕೈತಪ್ಪಿಸಿಕೊಂಡದ್ದು ಒಂದು ಕಾರ್ಖಾನೆಯನ್ನಷ್ಟೇ ಅಲ್ಲ, ಅದರ ಸುತ್ತ ಹುಟ್ಟಬಹುದಾಗಿದ್ದ ನೂರು ಕಾರ್ಯಾಗಾರಗಳನ್ನು.

ಅವರು ಇದನ್ನು ಸ್ವಂತ ಸೋಲೆಂದು ಭಾವಿಸಿ ಮನೆಯಲ್ಲಿ ಕೂರಲಿಲ್ಲ. 1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆಯ ಅಧ್ಯಕ್ಷತೆ ವಹಿಸಿ, ಗ್ರಾಮ ಮಟ್ಟದ ಕೈಗಾರಿಕೀಕರಣದವರೆಗೆ ಯೋಜನೆಗಳನ್ನು ಬರೆಯುತ್ತಲೇ ಹೋದರು. 1955ರಲ್ಲಿ ಭಾರತರತ್ನ ಬಂದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟಾರ್‌ಸೈಕಲ್‌ಗಳು ಹೊರಬರುತ್ತಿದ್ದ ಕಾಲಕ್ಕೆ, 1962ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡರು. ಆ ಕಾರ್ಖಾನೆಯೂ 1996ರಲ್ಲಿ ಬಾಗಿಲು ಹಾಕಿತು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಕಾರು ತಯಾರಿಕೆ ಆರಂಭವಾದದ್ದು 1999ರಲ್ಲಿ, ಅವರು ಯೋಜನೆ ಹಿಡಿದು ಅಲೆದ ಅರವತ್ತು ವರ್ಷಗಳ ಮೇಲೆ, ಜಪಾನಿನ ಕಂಪನಿಯ ಸಹಯೋಗದಲ್ಲಿ.

ಇಂದು ಉದ್ಯಮಗಳಿಗೆ ಜಮೀನು, ನೀರು, ತೆರಿಗೆ ವಿನಾಯಿತಿ ನೀಡಲು ರಾಜ್ಯಗಳು ಪೈಪೋಟಿ ನಡೆಸುತ್ತಿವೆ. ವಿಶ್ವೇಶ್ವರಯ್ಯನವರಿಗೆ ದೊರೆಯದ ಸರ್ಕಾರದ ಖಾತರಿ ಈಗ ಧಾರಾಳವಾಗಿ ದೊರೆಯುತ್ತಿದೆ. ಆದರೆ ಖಾತರಿಗೆ ಪ್ರತಿಯಾಗಿ ಅವರು ಕೊಡಲು ಸಿದ್ಧರಿದ್ದುದನ್ನು, ಅಂದರೆ ಎಂಜಿನಿನ ವಿನ್ಯಾಸದಿಂದ ಬಿಡಿಭಾಗದವರೆಗಿನ ಜ್ಞಾನ ಈ ನೆಲದಲ್ಲೇ ಬೇರೂರುವುದನ್ನು, ನಾವು ಕೇಳುತ್ತಿದ್ದೇವೆಯೇ? ಆ ನಾಲ್ಕು ತಾಲ್ಲೂಕುಗಳ ಹುಡುಗರು ಐಟಿಐ ಮುಗಿಸಿ ಕೆಲಸ ಹುಡುಕುತ್ತ ನಗರಗಳಿಗೆ ಹೋಗುವುದನ್ನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಗಾಡಿ ಕಟ್ಟುವುದನ್ನು ಕಲಿಸಿ, ಮುಂದಿನ ದಾರಿ ತೋರದೆ ಅಂಗಳ ಮುಚ್ಚಿದ ಸರ್ಕಾರವೊಂದು ಹುಣಸೂರಿನಲ್ಲಿ ಹಿಂದೊಮ್ಮೆ ಇತ್ತು. ಸೆಪ್ಟೆಂಬರ್ 15ರಂದು ಹಾರ ಹಿಡಿದು ನಿಂತಾಗ ನಮ್ಮ ಆಡಳಿತಗಾರರು ಅದನ್ನೂ ಒಮ್ಮೆ ನೆನೆದರೆ ಒಳ್ಳೆಯದು.