ಮಾರಿಯಾ ಮಾಂಟೆಸ್ಸರಿ: ನೋಡುತ್ತ ಕಲಿತ ಡಾಕ್ಟರಮ್ಮ

ಮಾರಿಯಾ ಮಾಂಟೆಸ್ಸರಿಯವರು 1870ರ ಆಗಸ್ಟ್ 31ರಂದು ಇಟಲಿಯಲ್ಲಿ ಜನಿಸಿದರು. 1896ರಲ್ಲಿ ವೈದ್ಯ ಪದವಿ ಪಡೆದರು. ಕಲಿಸುವ ಮೊದಲು ಮಗುವನ್ನು ನೋಡಬೇಕೆಂಬ ಅವರ ಹಟ ವಿಜ್ಞಾನದ ಓದಿನಿಂದಲೇ ಬಂದದ್ದೆಂದು ಬಿ.ಎಸ್‌ಸಿ. ಮಾಡಿದ ನನಗೆ ತೋರುತ್ತದೆ.

1907ರ ಜನವರಿ 6ರಂದು ರೋಮಿನ ಬಡವರ ಕೇರಿ ಸಾನ್ ಲೊರೆಂಜೊದಲ್ಲಿ ದುಡಿಯುವವರ ಮಕ್ಕಳಿಗಾಗಿ ‘ಮಕ್ಕಳ ಮನೆ’ ತೆರೆಯಿತು. ಅಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಮರದ ಗುಂಡುಗಳನ್ನು ಅವುಗಳ ಕುಳಿಗಳಿಗೆ ಕೂರಿಸುತ್ತಿದ್ದಳು. ಮಾಂಟೆಸ್ಸರಿಯವರು ಉಳಿದ ಮಕ್ಕಳಿಂದ ಹಾಡಿಸಿದರು. ಕುರ್ಚಿ ಸಮೇತ ಅವಳನ್ನು ಎತ್ತಿ ಮೇಜಿನ ಮೇಲಿಟ್ಟರು. ಅವಳು ಗುಂಡುಗಳನ್ನು ಮಡಿಲಿಗೆ ಎಳೆದುಕೊಂಡು ಅದನ್ನೇ ಮಾಡಿದಳು, ನಲವತ್ತಕ್ಕೂ ಹೆಚ್ಚು ಸಲ! ಕೊಡಂಬಲದ ಪಾಠಾಭ್ಯಾಸದಲ್ಲಿ ತೊಗರಿಕಾಳು ಎಣಿಸುತ್ತ ಮೈಮರೆತಿದ್ದ ಮಗುವಿನಿಂದ ನಾನು ತಟ್ಟೆ ಕಸಿದುಕೊಂಡಿದ್ದೆ. ಪಾಠಯೋಜನೆಯಲ್ಲಿ ಆ ಚಟುವಟಿಕೆಗೆ ಐದೇ ನಿಮಿಷ ಬರೆದಿದ್ದೆ.

ಮದುವೆಯಾಗದೆ ಹೆತ್ತ ಮಗ ಮಾರಿಯೊನನ್ನು ಅವರು ಬೇರೆ ಮನೆಯಲ್ಲಿ ಬೆಳೆಯಲು ಬಿಡಬೇಕಾಯಿತು. ಜಗತ್ತಿನ ಮಕ್ಕಳ ತಾಯಿಯೆನಿಸಿದವರಿಗೆ ಇದೆಂಥ ಸಂಕಟವಾಗಿತ್ತೋ. ದೊಡ್ಡವನಾದ ಮೇಲೆ ಆತನೇ ಅವರ ಬಲಗೈಯಾದ. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಇಬ್ಬರೂ ಮದ್ರಾಸಿನ ಅಡ್ಯಾರಿಗೆ ಬಂದರು. ತಾಯಿ ಇಟಾಲಿಯನ್‌ನಲ್ಲಿ ಪಾಠ ಹೇಳಿದರೆ ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಬಂಧಿಸಿತು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಡುಗಡೆಯಾಯಿತು. ಆ ಸರ್ಕಾರಿ ಸಂದೇಶದಲ್ಲಿ ಆತನನ್ನು ಅವರ ಮಗನೆಂದೇ ಕರೆದಿತ್ತು.

ಮುಂದೆ ಕೊಡೈಕೆನಾಲಿನಲ್ಲಿ ಬೇರೆ ಬೇರೆ ದೇಶ, ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂಡಿಸಿ ಗಿಡ, ಹುಳು, ಎಲೆಗಳ ನಡುವೆ ಕಲಿಯಬಿಟ್ಟರು. ಕನ್ನಡ, ಮರಾಠಿ, ಉರ್ದು, ಲಂಬಾಣಿ ಮಾತುಗಳು ಒಂದೇ ಚಾಪೆಯ ಮೇಲೆ ಕೇಳಿಬರುವ ನಮ್ಮ ಭಾಗದವರು ಓದಬೇಕಾದ ಅಧ್ಯಾಯವಿದು. 1952ರ ಮೇ 6ರಂದು ಅವರು ನೆದರ್‌ಲೆಂಡ್ಸ್‌ನಲ್ಲಿ ತೀರಿಕೊಂಡರು.